ದನಿನ್ಸ್ಕಿ ಚಿತ್ರಗಳನ್ನು ನೋಡುವ ಮುನ್ನ

ಆತ್ಮೀಯ ಸದಸ್ಯರೇ,

ಸ್ಪ್ಯಾನಿಷ್ ಸಿನಿಮಾದ ತೋಳಮಾನವ ವಾಲ್ಡೆಮಾರ್ ದನಿನ್ಸ್ಕಿಯ ಚಿತ್ರಗಳನ್ನು ಒಂದೇ ಕಥೆಯ ಮುಂದುವರಿದ ಭಾಗಗಳೆಂದು ದಯವಿಟ್ಟು ಭಾವಿಸಬೇಡಿ. 1968ರ ಮೊದಲ ಚಿತ್ರದಲ್ಲಿ ಇನ್ನೊಬ್ಬ ತೋಳಮಾನವನ ಕಡಿತದಿಂದ ತಗಲುವ ಶಾಪವು 1973ರ ಚಿತ್ರದಲ್ಲಿ ಪೂರ್ವಜನು ಮಾಟಗಾತಿಯರನ್ನು ಕೊಲ್ಲಿಸಿದ ಫಲವಾಗಿ ಬರುತ್ತದೆ. ನಾಯಕನ ಹೆಸರು ಹಾಗೂ ದುರ್ವಿಧಿ ಮಾತ್ರ ಉಳಿದು, ಮಿಕ್ಕಿದ್ದೆಲ್ಲ ಬದಲಾಗುತ್ತಿರುತ್ತದೆ. ಈ ಪಾತ್ರವನ್ನು ಸೃಷ್ಟಿಸಿ, ಬಹುತೇಕ ಚಿತ್ರಕಥೆಗಳನ್ನು ತಾವೇ ಬರೆದು, ದಶಕಗಳ ಕಾಲ ಅಭಿನಯಿಸಿದವರು ಪಾಲ್ ನಾಶಿ ಎಂದು ಪ್ರಸಿದ್ಧರಾದ ಹಸಿಂತೊ ಮೊಲಿನಾ. ಅವರು ಭಾರ ಎತ್ತುವ ಕ್ರೀಡಾಪಟುವೂ ಆಗಿದ್ದರು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಕಾಲದ ಸೆನ್ಸಾರ್ ಮಂಡಳಿಯು ಸ್ಪೇನಿನವನೇ ತೋಳವಾಗುವುದನ್ನು ಒಪ್ಪದಿದ್ದುದರಿಂದ ನಾಯಕನು ಪೋಲೆಂಡಿನ ಕುಲೀನನಾದನು.

ಮೊದಲಿಗೆ 1971ರ ‘ಲಾ ನೊಚೆ ದೆ ವಾಲ್‌ಪುರ್ಗಿಸ್’ ನೋಡಿ, ಸಾಧ್ಯವಾದರೆ ಸ್ಪ್ಯಾನಿಷ್ ಧ್ವನಿಯಲ್ಲೇ. ಮಂಜಿನ ನಡುವೆ ನಿಧಾನವಾಗಿ ತೇಲಿಬರುವ ರಕ್ತಪಿಶಾಚಿ ಸ್ತ್ರೀಯರ ದೃಶ್ಯಗಳಷ್ಟು ಸುಂದರವಾದದ್ದು ಈ ಸರಣಿಯಲ್ಲಿ ನನಗೆ ಬೇರೆ ಕಂಡಿಲ್ಲ.