ಬಿಲ್ಲಿಂಗ್ ಕೌಂಟರಿನಿಂದ ಗೆಳೆಯನಿಗೊಂದು ಪತ್ರ

ಲೋ ಗುಂಡ,

ಊರೆಲ್ಲ ಓದುವ ಹಾಗೆ ಇಲ್ಲಿ ಬರೆದಿದ್ದೇನೆ ಅಂತ ಬಯ್ಯಬೇಡ. ನೀನು ಫೋನ್ ಎತ್ತುವುದಿಲ್ಲ, ವಾಟ್ಸಾಪ್ ನೋಡುವುದಿಲ್ಲ. ಇಲ್ಲಿ ಮಾತ್ರ ಕಂಡವರ ಮದುವೆ ಫೋಟೋಗೆಲ್ಲ ಹಾರ್ಟ್ ಒತ್ತುತ್ತಾ ಕೂತಿರುತ್ತೀಯ. ಉಳಿದವರೂ ಓದಿಕೊಳ್ಳಲಿ ಬಿಡು. ಆಯನೂರಿನ ಕೋಳಿ ವಿಷಯ ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನಲ್ಲ.

ಪುಟ್ಟಿಗೆ ಡೆಂಗಿ ಆಗಿತ್ತು. ಐದು ದಿನ ಆಸ್ಪತ್ರೆ. ಈಗ ಆರಾಮಾಗಿದ್ದಾಳೆ, ಗಾಬರಿಯಾಗಬೇಡ.

ಸೇರಿಸಿದ ಎರಡನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ನಾನು ಕುಣಿದುಕೊಂಡು ಮನೆಯವರ ಗ್ರೂಪಿಗೆಲ್ಲ ಸುದ್ದಿ ಹಾಕಿದೆ. ರೌಂಡ್ಸಿಗೆ ಬಂದ ಡಾಕ್ಟರು ತಣ್ಣಗೆ ಹೇಳಿದರು: "ಈಗಲೇ ಹುಷಾರಾಗಿ ನೋಡಬೇಕು." ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳಬಹುದು. ಅಲ್ಲಿಂದ 24ರಿಂದ 48 ಗಂಟೆ ಹೊಟ್ಟೆನೋವು ಬಂತಾ, ವಾಂತಿ ಆಯಿತಾ, ಕೈಕಾಲು ತಣ್ಣಗಾಯಿತಾ, ಉಚ್ಚೆ ಎಷ್ಟು ಹೋಯಿತು ಅಂತ ಕಾಯುವುದೇ ಕೆಲಸ. ನಮ್ಮ ಕಡೆಯವರೆಲ್ಲ ಪ್ಲೇಟ್‌ಲೆಟ್ ಪ್ಲೇಟ್‌ಲೆಟ್ ಅಂತ ಬಾಯಿ ಬಡಿದುಕೊಳ್ಳುತ್ತಿದ್ದರು. ಒಂದೂವರೆ ಲಕ್ಷದ ಮೇಲಿರಬೇಕಾದದ್ದು 46 ಸಾವಿರಕ್ಕೆ ಬಂದಿತ್ತು. ಡಾಕ್ಟರು ಅದರ ಜೊತೆಗೆ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಿದೆಯಾ ಅಂತ ಜಾಸ್ತಿ ನೋಡುತ್ತಿದ್ದರು; ನೀರು ಸೋರಿದರೆ ಅದು ಏರುತ್ತದಂತೆ. ಅತ್ತೆ ಪರಂಗಿ ಎಲೆ ರಸ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾರೋ ಆರು ಕಿವಿ ಹಣ್ಣು ತಂದರು. ಪುಟ್ಟಿ ಮುಟ್ಟಲಿಲ್ಲ, ನಾನೇ ತಿಂದೆ. ನನ್ನ ಪ್ಲೇಟ್‌ಲೆಟ್ ಈಗ ಬಹಳ ಚೆನ್ನಾಗಿರಬೇಕು.

ವಾರ್ಡಿನಲ್ಲಿ ನಮ್ಮ ಹುಡುಗಿಗೆ ಒಳ್ಳೇ ಹೆಸರು. ಮನೆಯಲ್ಲಿ ತಲೆ ಬಾಚಿದರೆ ಬೀದಿ ಕೇಳುವಂತೆ ಕಿರುಚುವವಳು ಅಲ್ಲಿ ಸುಮ್ನೆ ಕೈ ಚಾಚುತ್ತಿದ್ದಳು. "ಎಷ್ಟು ಜಾಣೆ ನಿಮ್ಮ ಮಗಳು" ಅಂತ ಸಿಸ್ಟರ್ ಹೇಳಿದಾಗ ನಾನು ಎದೆಯುಬ್ಬಿಸಿಕೊಂಡು ನಿಂತಿದ್ದೆ. ನಾನೇ ಸಾಕಿ ತಿದ್ದಿದ ಹಾಗೆ.

ಒಂದು ವಿಷಯ ಹೇಳಿಬಿಡುತ್ತೇನೆ. ಸೂಜಿ ಚುಚ್ಚುವಾಗ ನಾನು ಒಂದು ಸಲವೂ ಅಲ್ಲಿರಲಿಲ್ಲ. "ಪಾಪು ಕಡೆಯವರು ಯಾರ್ರೀ?" ಅಂತ ಸಿಸ್ಟರ್ ಕೂಗುವಷ್ಟರಲ್ಲಿ "ಬಿಲ್ಲಿಂಗಿಗೆ ಕರೀತಿದ್ದಾರೆ" ಅಂತ ಮೆಟ್ಟಿಲಿಳಿದಿರುತ್ತಿದ್ದೆ. ಬಿಲ್ಲಿಂಗಿನಲ್ಲಿ ಯಾರೂ ಕರೆದಿರುತ್ತಿರಲಿಲ್ಲ. ಕ್ಯಾಂಟೀನಿನ ಹಿಂದೆ, ಜನರೇಟರ್ ಪಕ್ಕ ನಿಲ್ಲುತ್ತಿದ್ದೆ. ಅಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ಮಗುವನ್ನು ಒತ್ತಿ ಹಿಡಿಯುತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ಎಲ್ಲಿ ಅತ್ತಳು ಅಂತ ನಾನು ಇವತ್ತಿಗೂ ಕೇಳಿಲ್ಲ.

ಮೂರನೇ ದಿನ ಕೈ ಊದಿಕೊಂಡಿತು. ಕ್ಯಾನುಲಾ, ಅದೇ ಡ್ರಿಪ್ ಕೊಡುವ ನಳಿಗೆ, ತೆಗೆದು ಇನ್ನೊಂದು ಕೈಗೆ ಹಾಕಬೇಕು. ಟ್ರೇ ಬಂತು. ಪುಟ್ಟಿ ಟ್ರೇ ನೋಡಲಿಲ್ಲ, ನನ್ನ ಮುಖ ನೋಡಿದಳು. ಮೆಲ್ಲಗೆ, "ಅಪ್ಪ, ನೀನು ಬಿಲ್ ಕಟ್ಟೋಕೆ ಹೋಗು" ಅಂದಳು.

ಆರು ವರ್ಷ ಕಣೋ ಅವಳಿಗೆ.

ಹೋದೆನಾ ಅಂತ ಕೇಳುತ್ತೀಯ. ಹೋದೆ.

ಆ ರಾತ್ರಿ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಏನೇನೋ ಓದಿದೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮ ಮಗುವಿನ ಹತ್ತಿರ ಇರುವ ಹಾಗೇ ಇರಲಿಲ್ಲವಂತೆ. ಅವರು ಬಂದು ಹೋದರೆ ಮಕ್ಕಳು ಅಳುತ್ತವೆ, ಇಲ್ಲದಿದ್ದರೆ ಸುಮ್ಮನಿರುತ್ತವೆ, ಅದೇ ವಾಸಿ ಅಂತ ಲೆಕ್ಕ. ಜೇಮ್ಸ್ ರಾಬರ್ಟ್‌ಸನ್ ಅನ್ನುವವನು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ದಿನಗಳನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದ. ಮಗು ಸುಮ್ಮನಾಗಿದ್ದು ಹೊಂದಿಕೊಂಡಿದ್ದಕ್ಕಲ್ಲ, ಆಸೆ ಬಿಟ್ಟಿದ್ದಕ್ಕೆ ಅನ್ನುವುದು ಅವನ ವಾದ. ಡಾಕ್ಟರುಗಳು ಸಿಟ್ಟಾದರು. 1959ರಲ್ಲಿ ಆಸ್ಪತ್ರೆ ಸೇರಿದ ಮಕ್ಕಳ ಬಗ್ಗೆ ಅಲ್ಲಿನ ಸರಕಾರ ನೇಮಿಸಿದ್ದ ಪ್ಲಾಟ್ ಸಮಿತಿ ಅಪ್ಪ ಅಮ್ಮನನ್ನು ಹೊತ್ತುಗೊತ್ತಿಲ್ಲದೆ ಒಳಗೆ ಬಿಡಿ ಅಂದಿತು.

ನನ್ನನ್ನು ಯಾವ ಸಿಸ್ಟರೂ ತಡೆದಿರಲಿಲ್ಲ ಗುಂಡ. ಬಾಗಿಲು ತೆರೆದೇ ಇತ್ತು.

ಮನೆಗೆ ಬಂದ ಮೇಲೆ ಜಾಣತನ ಎಲ್ಲ ಮುಗಿಯಿತು. ರಾತ್ರಿ ಹಾಸಿಗೆ ಒದ್ದೆ, ಬಚ್ಚಲಿಗೂ ಅಮ್ಮ ಜೊತೆಗೆ ಬರಬೇಕು, ಇಡ್ಲಿ ಬಿಸಿಯಾಗಿದ್ದರೆ ಒಂದು ರಂಪ, ಆರಿದ್ದರೆ ಇನ್ನೊಂದು. ಆಸ್ಪತ್ರೆಯಿಂದ ಬಂದ ಮಕ್ಕಳು ಕೆಲವು ದಿನ ಹೀಗೆ ಮಾಡುವುದುಂಟು ಅಂದರು ಡಾಕ್ಟರು. ಮೊನ್ನೆ ಗೊಂಬೆಗೆ ಟೂತ್‌ಪಿಕ್ ಚುಚ್ಚಿ ಕೈಗೆ ಟೇಪ್ ಸುತ್ತುತ್ತಿದ್ದಳು. "ಅಳಬೇಡ, ಅಪ್ಪ ಕೆಳಗೆ ಇದ್ದಾರೆ, ಈಗ ಬರ್ತಾರೆ" ಅಂತ ಸಮಾಧಾನ ಬೇರೆ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಅಲ್ಲೂ ಒಳಗೆ ಹೋಗಲಿಲ್ಲ ನೋಡು.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಸೊಳ್ಳೆ ಪರದೆ ಎಲ್ಲಿ ಸಿಗುತ್ತದೆ ಅಂತ ಕೇಳೋಣ ಅಂತ ಶುರು ಮಾಡಿದ್ದು. ಈ ಸೊಳ್ಳೆ ಹೆಚ್ಚಾಗಿ ಹಗಲು ಹೊತ್ತಲ್ಲೇ ಕಚ್ಚುವುದು ಅಂತ ಗೊತ್ತಾದ ಮೇಲೂ ರಾತ್ರಿಗೆ ಪರದೆ ಹುಡುಕುತ್ತಿದ್ದೇನೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಮುಂದಿನ ವಾರ ಫಾಲೋಅಪ್. ಮತ್ತೆ ರಕ್ತ ತೆಗೆಯುತ್ತಾರೆ. ನೀನೂ ಬಾ, ನನ್ನನ್ನು ಕುರ್ಚಿಯಲ್ಲಿ ಒತ್ತಿ ಹಿಡಿದುಕೊಳ್ಳೋಕೆ ಒಬ್ಬರು ಬೇಕು. ಬರದಿದ್ದರೆ ಕೋಳಿ ವಿಷಯ ಇಲ್ಲೇ ಬರೆಯುತ್ತೇನೆ, ಫೋಟೋ ಸಮೇತ.

ನಿನ್ನ
ಬಿಲ್ಲಿಂಗ್ ಮೂರ್ತಿ