ಸೋತವರ ಲೆಕ್ಕವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಕೊಡವ ಕೌಟುಂಬಿಕ ಹಾಕಿ ಉತ್ಸವದ ವರದಿಗಳಲ್ಲಿ ಗೆದ್ದ ಕುಟುಂಬದ ಹೆಸರು, ಗೋಲುಗಳ ಸಂಖ್ಯೆ ಹಾಗೂ ಅತಿಥಿಗಳ ಭಾಷಣಕ್ಕೆ ಮಾತ್ರ ಜಾಗ ಸಿಗುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಬೇಸ್‌ಬಾಲ್ ದಾಂಡನ್ನು ನಾನು ಕೈಯಲ್ಲಿ ಹಿಡಿದವನೂ ಅಲ್ಲ. ಆದರೂ 1956ರ ಅಕ್ಟೋಬರ್ 8ರಂದು ನ್ಯೂಯಾರ್ಕ್‌ನಲ್ಲಿ ನಡೆದ, ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ನರನ್ನು ನಿರ್ಧರಿಸುವ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯವನ್ನು, ಅದರ ಅಂಕಿಪಟ್ಟಿಯೊಂದನ್ನೇ ಮುಂದಿಟ್ಟುಕೊಂಡು, ಮಡಿಕೇರಿಯ ಮಳೆಯಲ್ಲಿ ಮನೆಯೊಳಗೆ ಕುಳಿತು ಆಟದ ಗತಿಯನ್ನು ಊಹಿಸಿಕೊಳ್ಳಬಲ್ಲೆ. ಅಂದು ಯಾಂಕೀಸ್ ತಂಡದ ಎಸೆತಗಾರ ಡಾನ್ ಲಾರ್ಸನ್ ಎದುರಾಳಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಒಬ್ಬ ಆಟಗಾರನನ್ನೂ ಮೊದಲ ಬೇಸ್ ತಲುಪಲು ಬಿಡದೆ, 97 ಎಸೆತಗಳಲ್ಲಿ 27 ಮಂದಿಯನ್ನೂ ಸಾಲಾಗಿ ಔಟ್ ಮಾಡಿದರು. ಅವರಲ್ಲಿ ಏಳು ಮಂದಿ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ವರ್ಲ್ಡ್ ಸೀರೀಸ್‌ನಲ್ಲಿ ಅಂಥ ಪರಿಪೂರ್ಣ ಪಂದ್ಯ ಇನ್ನೊಂದಿಲ್ಲ.

ನನಗೆ ಹೆಚ್ಚು ಹಿಡಿಸುವುದು ಅದೇ ಪಟ್ಟಿಯ ಇನ್ನೊಂದು ಸಾಲು. ಸೋತ ತಂಡದ ಎಸೆತಗಾರ ಸಾಲ್ ಮ್ಯಾಗ್ಲಿ ಕೊಟ್ಟದ್ದು ಐದೇ ಹಿಟ್‌ (ದಾಂಡಿಗ ಚೆಂಡು ಹೊಡೆದು ಬೇಸ್ ತಲುಪುವುದು), ಎರಡೇ ರನ್‌. ಆ ಎರಡು ರನ್‌ಗಳಲ್ಲಿ ಒಂದು ಯಾಂಕೀಸ್‌ನ ಮಿಕಿ ಮ್ಯಾಂಟಲ್ ಅವರ ಹೋಮ್‌ರನ್‌. ಬೇರೆ ಯಾವ ದಿನವಾದರೂ ಮೆಚ್ಚುಗೆ ಪಡೆಯಬೇಕಿದ್ದ ಎಸೆತಗಾರಿಕೆ ಅದು ಎಂಬುದನ್ನು ಇಂದಿಗೂ ಹೇಳುತ್ತಿರುವುದು ಆ ಅಂಕಿಗಳೇ.

1997ರಲ್ಲಿ ಕರಡದಲ್ಲಿ ಆರಂಭವಾದ ನಮ್ಮ ಉತ್ಸವದಲ್ಲಿ ಮೊದಲ ಸುತ್ತಿನಲ್ಲೇ ಸೋತ ತಂಡದ ಗೋಲ್‌ಕೀಪರ್ ಎಷ್ಟು ಹೊಡೆತ ತಡೆದರು, ಎಷ್ಟು ಪೆನಾಲ್ಟಿ ಕಾರ್ನರ್‌ಗಳನ್ನು ಎದುರಿಸಿದರು ಎಂಬುದನ್ನೂ ತಾವು ಸಣ್ಣ ಅಕ್ಷರದಲ್ಲಾದರೂ ಅಚ್ಚು ಮಾಡಬೇಕಾಗಿ ವಿನಂತಿ.

ಇಂತಿ,
ಓರ್ವ ಓದುಗ, ಮಡಿಕೇರಿ