103 ಮೆಟ್ಟಿಲು, ಒಂದು ಪ್ಲಾಸ್ಟಿಕ್ ಕುರ್ಚಿ

ಹೋದ ಭಾನುವಾರ ಬೆಳಿಗ್ಗೆ ಪರ್ವತಿ ಗುಡ್ಡ ಹತ್ತಿದೆ. ಪುಣೆಯವರಿಗೆ ಇದೇನು ದೊಡ್ಡ ಸುದ್ದಿಯಲ್ಲ. ಇರುವುದು 103 ಮೆಟ್ಟಿಲು. ಎಪ್ಪತ್ತು ದಾಟಿದ ಅಜ್ಜಂದಿರು ದಿನಾ ಹತ್ತಿ ಇಳಿಯುತ್ತಾರೆ. ನನಗೆ 35 ನಿಮಿಷ ಬೇಕಾಯಿತು. ಎಂಟು ತಿಂಗಳ ಹಿಂದೆ ಮಂಚದಿಂದ ಬಚ್ಚಲಿಗೆ ಹೋಗಲು ಹೆಚ್ಚುಕಮ್ಮಿ ಇಷ್ಟೇ ಹೊತ್ತು ಹಿಡಿಯುತ್ತಿತ್ತು. ಎಂಆರ್‌ಐ, ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ ಹೊರಬಂದಿದ್ದು, ಆ ಕಥೆಯನ್ನೆಲ್ಲ ನೀವು ಫೋನಿನಲ್ಲಿ ಸಾಕೋ ಸಾಕು ಅನ್ನುವಷ್ಟು ಕೇಳಿದ್ದೀರಿ. ಮತ್ತೆ ಬೇಡ. ಈಗ ಬರೆಯುತ್ತಿರುವುದು ಥ್ಯಾಂಕ್ಸ್ ಹೇಳುವುದಕ್ಕೆ ಮಾತ್ರ.

ಆಪರೇಷನ್‌ಗೆ ಆತುರಪಡದ ಡಾಕ್ಟರು, ನನ್ನ ಎಂಟನೇ ಕ್ಲಾಸಿನ ಪಿರಿಯಡ್‌ಗಳನ್ನು ಹಂಚಿಕೊಂಡ ಟೀಚರುಗಳು, ಧಾರವಾಡದಿಂದ ಬಂದು ಒಂದು ತಿಂಗಳು ರೊಟ್ಟಿ ಬಡಿದ ಅತ್ತಿಗೆ, ಗುಂಡಿ ಕಂಡಲ್ಲೆಲ್ಲ ರಿಕ್ಷಾ ನಿಧಾನ ಮಾಡಿ 'ಸಾವಕಾಶ ಬಸಾ, ತಾಯಿ' ಅಂದ ಕಾಕಾ, ಎಲ್ಲರಿಗೂ ಕೈ ಮುಗಿಯುತ್ತೇನೆ. ಮನೆಯವರಿಗೆ ಬೇರೆ ಹೇಳಿದರೆ ಸಿಟ್ಟಾಗುತ್ತಾರೆ, ಬಿಡಿ. 'ಎರಡೇ ನಿಮಿಷದಲ್ಲಿ ಸರಿ ಮಾಡ್ತೀನಿ' ಅಂತ ನನ್ನ ಸೊಂಟ ತಿರುಚಿ ಕಟಕ್ ಅನ್ನಿಸಿದ ಒಬ್ಬ ಮಹಾಶಯರೂ ಇದ್ದಾರೆ. ಅವರಿಗೆ ಥ್ಯಾಂಕ್ಸ್ ಇಲ್ಲ. ಆಮೇಲೆ ಆಗಿದ್ದೆಲ್ಲ ಅವರಿಂದಲೇ ಆಯಿತು ಅಂತ ನಾನು ಹೇಳಲಾರೆ. ಆದರೆ ಕೈ ಹಾಕುವ ಮುಂಚೆ ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದೊಂದು ನೆನಪಿದೆ.

ಈಗ ಮಾವಶಿ.

ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅವರು ಮಾವಶಿಯೇ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಬಾಣಂತಿ, ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವವರು. ಊರು ಕಲಬುರಗಿ ಕಡೆ. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಅಂತ ಬಂದು, ಇಟ್ಟಿಗೆ ಹೊರುವುದು ಬಿಟ್ಟು, ತಮ್ಮ ಅವ್ವನಿಂದ ಕಲಿತ ಈ ಕೆಲಸ ಹಿಡಿದರು. ಮನೆ ಪರ್ವತಿ ಗುಡ್ಡದ ಬುಡದ ವಸತಿಯಲ್ಲಿ.

ಅನಂತ ಚತುರ್ದಶಿಯ ರಾತ್ರಿ ಅದು. ಪುಣೆಯ ಹಳೇ ಪೇಠೆಗಳಲ್ಲಿ ಇರುವವರಿಗೆ ಆ ರಾತ್ರಿ ಹೇಗಿರುತ್ತದೆ ಅಂತ ಗೊತ್ತು. ಗಣಪತಿ ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ರಸ್ತೆಗಳು ಬಂದ್, ಢೋಲ್-ತಾಷಾಕ್ಕೆ ಕಿಟಕಿ ಗಾಜು ನಡುಗುತ್ತದೆ. ಮನೆಯವರು ಹುಬ್ಬಳ್ಳಿಗೆ ಹೋಗಿದ್ದರು. ರಾತ್ರಿ ಒಂದೂವರೆಗೆ ಬಚ್ಚಲ ಬಾಗಿಲಲ್ಲಿ ಕುಸಿದು ಕೂತೆ. ಏಳಲು ಆಗಲಿಲ್ಲ. ಢೋಲಿನ ಒಂದೊಂದು ಏಟೂ ನೆಲದಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಇಳಿಯುತ್ತಿತ್ತು. ಮಗಳು ಯಾರ‍್ಯಾರಿಗೋ ಫೋನ್ ಮಾಡಿದಳು. ಗಾಡಿ ಬರಲು ದಾರಿಯಿಲ್ಲ ಅಂದರು. ಕೊನೆಗೆ ಮಾವಶಿಗೆ ಮಾಡಿದಳು. ಅವರು ಆ ಗದ್ದಲದಲ್ಲಿ ನಡೆದುಕೊಂಡೇ ಬಂದರು. ಸೆರಗಿನ ತುಂಬ ಗುಲಾಲು.

ಬಂದವರೇ ಎಣ್ಣೆ ಬಟ್ಟಲು ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.

'ಯವ್ವಾ, ಒಂದಕ್ಕ ಹೋಗ್ಲಾಕ ಬರ್ತದೇನು?'

ಬರುತ್ತದೆ ಅಂದೆ.

'ತೊಡಿ ಸಂದ್ಯಾಗ ಜೋಮು ಹಿಡದದೇನು? ಕಾಲಿನ ಹೆಬ್ಬಟ್ಟು ಮ್ಯಾಲ ಎತ್ತು ನೋಡೋಣ.'

ಎತ್ತಿದೆ. ಎರಡೂ ಕಾಲಿನದನ್ನು ಎತ್ತಿಸಿ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು, 'ಸದ್ಯ. ಹಂಗೇನರ ಇದ್ದಿದ್ರ ಹೊತ್ಗೊಂಡರ ದವಾಖಾನಿಗಿ ಒಯ್ತಿದ್ದೆ. ಆದ್ರ ಈಗ ನಾ ಕೈ ಹಚ್ಚಂಗಿಲ್ಲ. ಸಿಟ್ಟಿಗೆದ್ದ ಸೊಂಟ ಅದ.'

ಹಿಂದೊಮ್ಮೆ ಒಬ್ಬ ಹೆಣ್ಣುಮಗಳಿಗೆ ಹೀಗೇ ಆದಾಗ ಮನೆಯವರೆಲ್ಲ ಉಜ್ಜುತ್ತ ಕೂತು, ದವಾಖಾನೆಗೆ ಒಯ್ಯುವುದು ತಡವಾಗಿತ್ತಂತೆ. ಅವತ್ತಿನಿಂದ ಮಾವಶಿ ಮೊದಲು ಕೇಳುವುದು ಇದನ್ನೇ. ಮುಂದೆ ಫಿಸಿಯೋಥೆರಪಿಸ್ಟ್‌ಗೆ ಇದನ್ನು ಹೇಳಿದಾಗ ಆಕೆ ಪೆನ್ನು ಕೆಳಗಿಟ್ಟರು. ತಾವೂ ಮೊದಲು ಕೇಳುವ ಪ್ರಶ್ನೆಗಳು ಅವೇ ಅಂತೆ. ಬೆನ್ನುಹುರಿಯ ಕೆಳಗೆ ಒಟ್ಟಾಗಿ ಇಳಿಯುವ ನರಗಳು ಅದುಮಿಕೊಂಡರೆ ಒಂದಕ್ಕೆ ಹೋಗಲು ಆಗುವುದಿಲ್ಲ, ತೊಡೆ ಸಂದು ಮರಗಟ್ಟುತ್ತದೆ. ಆಗ ಮಾಲೀಶು, ಯೋಗ, ಕಷಾಯ ಯಾವುದೂ ಅಲ್ಲ, ಸೀದಾ ಆಸ್ಪತ್ರೆಗೆ ಹೋಗಬೇಕು. ಸೊಂಟನೋವಿನವರು ಇದೊಂದನ್ನು ನೆನಪಿಡಿ, ದಯವಿಟ್ಟು.

ಆ ರಾತ್ರಿ ಮಾವಶಿ ಮಾಡಿದ್ದು ಇಷ್ಟೇ. ಎರಡು ಕಂಬಳಿ ಹಾಸಿದರು. ನನ್ನನ್ನು ಮಗ್ಗುಲಿಗೆ ಹೊರಳಿಸಿ, ಆಮೇಲೆ ಅಂಗಾತ ಮಲಗಿಸಿದರು. ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿ ತಂದು ಎರಡೂ ಮೀನಖಂಡಗಳನ್ನು ಅದರ ಮೇಲೆ ಇಟ್ಟರು. ಹೊಕ್ಕುಳ ಕೆಳಗೆ ಅಂಗೈ ಇಟ್ಟು 'ಉಸುರು ಇಲ್ಲಿತನಾ ತಾ' ಅಂದರು. ಒತ್ತಲಿಲ್ಲ, ಸುಮ್ನೆ ಇಟ್ಟರು. ಬೆಳಗಿನ ಐದರವರೆಗೆ ಆ ಕೈ ಅಲ್ಲೇ ಇತ್ತು. ನಡುನಡುವೆ ತೊಗರಿ ಹೊಲದ ಕಥೆ, ಸೊಸೆಯ ಮೇಲಿನ ದೂರು.

ನೋವು ಸ್ವಲ್ಪ ಇಳಿದಾಗ ಅಳು ಬಂತು. ಯಾಕೆ ಅಂತ ಅವತ್ತು ಯಾರಿಗೂ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. 16 ವರ್ಷದ ಹಿಂದೆ ಮಗಳು ಹುಟ್ಟಿದಾಗ ಇವರೇ 40 ದಿನ ನಮ್ಮಿಬ್ಬರಿಗೂ ಎರೆದಿದ್ದರು. ಕೊನೆಯ ದಿನ ನಾನು ದುಡ್ಡಿಗೆ ಚೌಕಾಸಿ ಮಾಡಿದ್ದೆ. ಬರೀ 200 ರೂಪಾಯಿಗೆ. ಮೇಲಾಗಿ, ಅಮ್ಮ ಹೇಳಿದ್ದರು ಅಂತ ಚಹಾ ಬೇರೆ ಲೋಟದಲ್ಲಿ ಕೊಡುತ್ತಿದ್ದೆ. ಅಮ್ಮ ಹೇಳಿದ್ದು ನಿಜ. ಕೊಟ್ಟಿದ್ದು ನನ್ನ ಕೈ. ಮಾವಶಿಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಅವರು ನೆನಪಿಟ್ಟುಕೊಂಡು ಹೇಳಿದ್ದು ಬೇರೆ: 'ಬಾಣಂತನದಾಗೂ ನಿನ್ನ ಬಲ ಸೊಂಟನೇ ಬಿಗಿ ಇತ್ತು ನೋಡು.'

ಸರಿ, ಮುಂದಕ್ಕೆ ಹೋಗೋಣ.

ಮೂರು ವಾರ ಕಳೆದ ಮೇಲೆ, ಫಿಸಿಯೋ ಹೂಂ ಅಂದ ಮೇಲೆ, ಮಾವಶಿ ಬೆಚ್ಚಗಿನ ಎಳ್ಳೆಣ್ಣೆ ಹಿಡಿದು ಬಂದರು. ಪೃಷ್ಠ, ತೊಡೆಯ ಹಿಂಭಾಗ, ಮೀನಖಂಡ. ಬೆನ್ನೆಲುಬಿನ ಮೇಲೆ ಮಾತ್ರ ಒಮ್ಮೆಯೂ ಒತ್ತಲಿಲ್ಲ. 'ಮಾಲೀಶಿನಿಂದ ಡಿಸ್ಕ್ ಒಳಗೆ ಹೋಯ್ತಾ?' ಅಂತ ಕೇಳುವವರಿಗೆ ಫಿಸಿಯೋ ಹೇಳಿದ್ದನ್ನೇ ಹೇಳುತ್ತೇನೆ. ಯಾರ ಕೈಯೂ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಜಾಸ್ತಿ ಜನರಿಗೆ ಕೆಲವು ವಾರಗಳಲ್ಲಿ ನೋವು ತಾನೇ ಇಳಿಯುತ್ತದೆ. ಹೊರಬಂದ ಭಾಗವನ್ನು ಎಷ್ಟೋ ಸಲ ಮೈಯೇ ಕರಗಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಹೆದರಿ ಮುಷ್ಟಿ ಬಿಗಿದ ಸ್ನಾಯುಗಳನ್ನು ಸಮಾಧಾನ ಮಾಡುವುದು ಕೈಯ ಕೆಲಸ. ಹಾಗಾದರೆ ಅದು ಸಣ್ಣ ಕೆಲಸವೇ? ಆ ನೋವು ತಿಂದವರನ್ನು ಕೇಳಿ.

ದೀಪಾವಳಿ ಆದ ಮೇಲೆ ಹತ್ತು ದಿನ ಪುಣೆ ಹತ್ತಿರದ ಉರುಳಿ ಕಾಂಚನದ ನಿಸರ್ಗೋಪಚಾರ ಆಶ್ರಮದಲ್ಲಿದ್ದೆ. 1946ರಲ್ಲಿ ಗಾಂಧೀಜಿ ಆ ಹಳ್ಳಿಯಲ್ಲಿ ಕೂತು ಜನರಿಗೆ ಪ್ರಕೃತಿ ಚಿಕಿತ್ಸೆ ಮಾಡಿದ್ದರು. ಮಣ್ಣಿನ ಪಟ್ಟಿಯಿಂದ ನನ್ನ ನೋವು ಹೋಯಿತು ಅಂತ ಹೇಳಲಾರೆ. ನಿದ್ದೆ ಬಂತು. ಎರಡು ತಿಂಗಳಲ್ಲಿ ಮೊದಲ ಸಲ ರಾತ್ರಿಯಿಡೀ ನಿದ್ದೆ. ಅಲ್ಲಿಂದ ಫೋನ್ ಮಾಡಿದಾಗ ಮಾವಶಿ, 'ಉರುಳಿ? ನಾ ಸೋಲಾಪುರದ ಗಾಡ್ಯಾಗ ಪುಣೆಗಿ ಬಂದಿದ್ದು ಅದೇ ಹಳಿ ಮ್ಯಾಲ' ಅಂದರು.

ಆಮೇಲೆ ಮಾಡೆಲ್ ಕಾಲೊನಿಯ ಅಯ್ಯಂಗಾರ್ ಯೋಗ ಸಂಸ್ಥೆ. ಬಿ.ಕೆ.ಎಸ್. ಅಯ್ಯಂಗಾರರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದು ಇಲ್ಲಿಯವರೇ ಆದರು. ಹೆಂಡತಿ ರಮಾಮಣಿಯವರ ಹೆಸರಿನ ಈ ಸಂಸ್ಥೆ 1975ರಲ್ಲಿ ಶುರುವಾಯಿತು. ಮೈ ಬಗ್ಗದಿದ್ದರೆ ಹಗ್ಗ, ಬೆಲ್ಟು, ಮರದ ಇಟ್ಟಿಗೆ, ದಿಂಬುಗಳ ಆಸರೆ ಕೊಟ್ಟು ಆಸನ ಮಾಡಿಸುವುದು ಅವರ ದಾರಿ. ಮೊದಲ ದಿನ ನನ್ನನ್ನು ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಒಂದು ಕುರ್ಚಿಯ ಮೇಲೆ ಇಟ್ಟರು. ನಗು ತಡೆಯಲು ಆಗಲಿಲ್ಲ. ಏನಾಯಿತು ಅಂತ ಕೇಳಿದರು. 'ಇದು ನಮ್ಮ ಮಾವಶಿಯ ಆಸನ' ಅಂದೆ.

ಭಾನುವಾರ ಪರ್ವತಿಯ ಮೆಟ್ಟಿಲ ಬುಡದಲ್ಲಿ ಮಾವಶಿ ಕಾಯುತ್ತಿದ್ದರು. ಜೊತೆಗೇ ಹತ್ತಿದರು. ಮೇಲೆ ಕೂತು ಡಬ್ಬಿಯ ಉಪ್ಪಿಟ್ಟು ಹಂಚಿಕೊಂಡು ತಿಂದೆವು. ಡಬ್ಬಿಯ ಮುಚ್ಚಳ ತೆಗೆಯಲು ಅವರಿಗೆ ಆಗಲಿಲ್ಲ. ಬಲಗೈ ಹೆಬ್ಬೆರಳ ಬುಡ ಊದಿತ್ತು. ವರ್ಷದಿಂದ ಹಾಗೇ ಇದೆಯಂತೆ, ರಾತ್ರಿ ಜಾಸ್ತಿ ನೋಯುತ್ತದಂತೆ. ನನ್ನ ಕೈಚೀಲದಲ್ಲಿದ್ದ ಎಣ್ಣೆ ಶೀಶೆ ತೆಗೆದು ಹಚ್ಚಲು ಹೋದೆ. 'ಹಿಟ್ಟು ನಾದಿದಂಗ ನಾದಬ್ಯಾಡ' ಅಂತ ಬೈಸಿಕೊಂಡೆ.

ಫಿಸಿಯೋ ಹತ್ತಿರ ಅವರಿಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಮಾವಶಿ ಒಪ್ಪುತ್ತಿಲ್ಲ, ಆ ಹೊತ್ತಿಗೆ ಟಿಳಕ್ ರಸ್ತೆಯ ಕಡೆ ಒಂದು ಬಾಣಂತಿ ಮನೆ ಇದೆಯಂತೆ. ಆ ಮನೆಯವರು ಕನ್ನಡದವರೇ ಅಂತ ಗೊತ್ತಾಯಿತು. ಇದನ್ನು ಓದುತ್ತಿದ್ದರೆ, ಅದೊಂದು ದಿನ ಕೂಸಿಗೆ ನೀವೇ ಎಣ್ಣೆ ಹಚ್ಚಿ. ಅವರ ಸಂಬಳ ಮಾತ್ರ ಹಿಡಿಯಬೇಡಿ.